ತುಕ್ಕು ಹಿಡಿದ ಶೆವೆಲ್, ಹದಿನೈದರ ಮಗಳು, ಊರಿನಿಂದ ಬರುವ ತಂದೆ

ಪ್ರಶ್ನೆ: ನಾವು ಮೂಲತಃ ಹಾಸನದವರು. ಡೆಟ್ರಾಯಿಟ್ ಪಕ್ಕದ ಊರೊಂದರಲ್ಲಿ 19 ವರ್ಷಗಳಿಂದ ಇದ್ದೇವೆ. ನನ್ನದು ಸಾಫ್ಟ್‌ವೇರ್ ಕೆಲಸ, ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ. ಹದಿನೈದೂವರೆ ವರ್ಷದ ಮಗಳಿಗೆ ಹಳೆಯ ಅಮೆರಿಕನ್ ಕಾರುಗಳ ಹುಚ್ಚು. ಪರಿಚಿತರೊಬ್ಬರ ಕೊಟ್ಟಿಗೆಯಲ್ಲಿ 1970ರ ಶೆವರ್ಲೆ ಶೆವೆಲ್ ಕಾರೊಂದು 22 ವರ್ಷಗಳಿಂದ ಮಣ್ಣು ನೆಲದ ಮೇಲೆ ನಿಂತಿದೆ. ಮುಂದೆ ಎಸ್‌ಎಸ್ (ಸೂಪರ್ ಸ್ಪೋರ್ಟ್ ಎಂಬ ಶಕ್ತಿಶಾಲಿ ರೂಪ) ಲಾಂಛನವಿದೆ, ಚಾವಣಿಗೆ ಕಪ್ಪು ವಿನೈಲ್ ಹೊದಿಕೆ ಇದೆ. ಎಂಜಿನ್ ತಿರುಗುತ್ತಿಲ್ಲ. ಹಿಂದಿನ ಚಕ್ರಗಳ ಸುತ್ತ ಬಣ್ಣ ಗುಳ್ಳೆ ಎದ್ದಿದೆ. 14,000 ಡಾಲರ್ ಕೇಳುತ್ತಿದ್ದಾರೆ. ಕೊಂಡು, ಪೂರ್ತಿ ಬಿಚ್ಚಿ, ಬಾಡಿಯನ್ನು ಚಾಸಿಯಿಂದ (ಅಡಿಯ ಉಕ್ಕಿನ ಚೌಕಟ್ಟಿನಿಂದ) ಎತ್ತಿ, ಎರಡು ವರ್ಷದಲ್ಲಿ ಹೊಸದರಂತೆ ಮಾಡಬೇಕು, ಮಗಳು ಹೈಸ್ಕೂಲು ಮುಗಿಸುವ ದಿನ ಅದರಲ್ಲೇ ಹೋಗಬೇಕು ಎಂಬುದು ನಮ್ಮಿಬ್ಬರ ಆಸೆ. ಕಾರಿನ ಬೆಲೆ ಬಿಟ್ಟು 25,000 ಡಾಲರ್ ಎತ್ತಿಟ್ಟಿದ್ದೇನೆ. ತುಕ್ಕಿಗೆ ಕನ್ವರ್ಟರ್ ಬಳಿದರೆ ಸಾಕು ಎಂದು ಒಬ್ಬ ಗೆಳೆಯರು ಹೇಳುತ್ತಾರೆ, ಇಡೀ ಕಾರಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸು ಎಂದು ಇನ್ನೊಬ್ಬರು. ನನ್ನ ತಂದೆ ಬಸ್ ಡಿಪೊದಲ್ಲಿ ಟಿಂಕರಿಂಗ್ ಮಾಡಿ ನಿವೃತ್ತರಾದವರು, ಮೇ ತಿಂಗಳಲ್ಲಿ ಇಲ್ಲಿಗೆ ಬರುತ್ತಾರೆ. ‘ಉಜ್ಜಿ ರೆಡ್ ಆಕ್ಸೈಡ್ ಹೊಡೆದಿಡು, ಬಂದು ನೋಡುತ್ತೇನೆ’ ಎಂದು ಫೋನಿನಲ್ಲಿ ಹೇಳಿದರು. ನನ್ನ ಹೆಂಡತಿಯದು ಒಂದೇ ಪ್ರಶ್ನೆ: ‘ಆ ಹಳೆಯ ಕಬ್ಬಿಣದಲ್ಲಿ ಮಗಳನ್ನು ಕೂರಿಸುತ್ತೀರಾ?’ ಈ ಕಾರು ಕೊಳ್ಳಬಹುದೇ? ಕೊಂಡರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕಾರು ಕೊಳ್ಳಬಹುದೇ ಎಂದು ಕೇಳಿದ್ದೀರಿ. ಪತ್ರವನ್ನು ಎರಡನೆಯ ಸಲ ಓದಿದಾಗ ನಿಮ್ಮ ಅಳುಕು ಬೇರೆಯೇ ಎನ್ನಿಸಿತು. ಎರಡು ವರ್ಷ ಕಳೆದು, ಗ್ಯಾರೇಜಿನ ತುಂಬ ಬಿಡಿಭಾಗಗಳು ಹರಡಿ, ಮಗಳು ಕಾಲೇಜಿಗೆ ಹೊರಟುಹೋಗಿ, ಕಾರು ಮಾತ್ರ ಅಲ್ಲೇ ಉಳಿದುಬಿಟ್ಟರೆ? ಅಳುಕುವುದು ಸರಿಯೇ. ನಾನು ಮಂಗಳೂರಿನ ಗ್ಯಾರೇಜಿನಲ್ಲಿ ಟಿಂಕರಿಂಗ್ ಕಲಿತವನು, ಈ ದೇಶಕ್ಕೆ ಬಂದ ಮೇಲೆ 26 ವರ್ಷ ಹಳೆಯ ಕಾರುಗಳ ತಗಡಿನ ಕೆಲಸದಲ್ಲೇ ಕಳೆದವನು. ನನ್ನಲ್ಲಿಗೆ ಬರುವ ಶೆವೆಲ್, ಮಸ್ಟಾಂಗ್, ಕಮಾರೊಗಳಲ್ಲಿ ಬಹಳಷ್ಟು ತಾವಾಗಿ ಓಡಿ ಬರುವುದಿಲ್ಲ. ಟ್ರೇಲರ್ ಮೇಲೆ ಬರುತ್ತವೆ. ಹಿಂದೆಯೇ ಇನ್ನೊಂದು ಗಾಡಿಯಲ್ಲಿ ಐಸ್‌ಕ್ರೀಮ್ ಡಬ್ಬಿಗಳಲ್ಲಿ ತುಂಬಿಟ್ಟ ಬೋಲ್ಟುಗಳು ಬರುತ್ತವೆ, ಡಬ್ಬಿಯ ಮೇಲೆ ಬರೆದ ಅಕ್ಷರ ಅಳಿಸಿಹೋಗಿರುತ್ತದೆ. ಬಿಚ್ಚಿದ್ದು ಅಪ್ಪ, ಮಗ ಇಬ್ಬರೂ ಸೇರಿ. ಮಾರಲು ಬಂದಿರುವುದು ಅಪ್ಪ ಒಬ್ಬರೇ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ತಗಡು ತಡೆಯುವಂತಿದ್ದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ. ಕೊಂಡರೆ ಪೂರ್ತಿ ಬಿಚ್ಚಬೇಡಿ. ಮೊದಲು ಬ್ರೇಕು ಹಿಡಿದರೆ ನಿಲ್ಲುವಂತೆ, ಆಮೇಲೆ ಓಡುವಂತೆ, ಕೊನೆಗೆ ಕಾಣುವಂತೆ ಮಾಡಿ. ನಿಮ್ಮ ಯೋಜನೆ ಇದಕ್ಕೆ ತಿರುಗುಮುರುಗಾಗಿದೆ.

ಎಸ್‌ಎಸ್ ವಿಚಾರವನ್ನು ಮೊದಲು ಮುಗಿಸೋಣ, ಕೇಳುತ್ತಿರುವ ಬೆಲೆ ನಿಂತಿರುವುದು ಅದರ ಮೇಲೆ. 1966ರಿಂದ 1968ರವರೆಗಿನ ಎಸ್‌ಎಸ್ 396 ಶೆವೆಲ್‌ಗಳಿಗೆ ಅವುಗಳದ್ದೇ ಸರಣಿ ಇತ್ತು. ಕಾರಿನ ಗುರುತು ಸಂಖ್ಯೆ 138 ಎಂದು ಆರಂಭವಾಗುತ್ತಿತ್ತು, ನೋಡಿದರೆ ಗೊತ್ತಾಗುತ್ತಿತ್ತು. 1969ರಿಂದ ಎಸ್‌ಎಸ್ ಎಂಬುದು ಹೆಚ್ಚಿನ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಪ್ಯಾಕೇಜ್ ಆಯಿತು. ಹೀಗಾಗಿ 1970ರ ಕಾರಿನ ಸಂಖ್ಯೆ 136 ಎಂದು ಶುರುವಾದರೆ ಅದು ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇರುವ ಮಾಲಿಬು (ಶೆವೆಲ್‌ನದೇ ಒಂದು ದರ್ಜೆ) ಎಂದಷ್ಟೇ ತಿಳಿಯುತ್ತದೆ, ಎಸ್‌ಎಸ್ ಹೌದೋ ಅಲ್ಲವೋ ತಿಳಿಯುವುದಿಲ್ಲ. 135 ಎಂದಿದ್ದರೆ ಹುಟ್ಟಿದ್ದು ಆರು ಸಿಲಿಂಡರಿನ ಕಾರಾಗಿ, ಅಲ್ಲಿಗೆ ಮಾತು ಮುಗಿಯಿತು. ಈ ಸಂಖ್ಯೆಯ ಫಲಕ ಡ್ಯಾಶ್‌ಬೋರ್ಡಿನ ಎಡ ಮೂಲೆಯಲ್ಲಿ ಗಾಜಿನ ಹೊರಗಿನಿಂದಲೇ ಕಾಣುತ್ತದೆ. ಮಾಲೀಕತ್ವದ ಪತ್ರದಲ್ಲೂ ಅದೇ ಸಂಖ್ಯೆ ಇರಬೇಕು. ಪತ್ರ ಕಳೆದುಹೋಗಿದೆ, ಆಮೇಲೆ ಮಾಡಿಸಿಕೊಡುತ್ತೇನೆ ಎಂದರೆ ಮಾಡಿಸಿದ ಮೇಲೆಯೇ ಹಣ ಕೊಡಿ.

ಇಷ್ಟೊಂದು ನಕಲಿ ಎಸ್‌ಎಸ್‌ಗಳು ಏಕೆ ಎಂದರೆ ಆ ವರ್ಷದ ಖ್ಯಾತಿಯಿಂದಾಗಿ. ಮಧ್ಯಮ ಗಾತ್ರದ ಕಾರುಗಳಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದು ಎಂದು ಜನರಲ್ ಮೋಟರ್ಸ್ ತಾನೇ ಹಾಕಿಕೊಂಡಿದ್ದ ನಿಯಮವನ್ನು 1970ರಲ್ಲಿ ಸಡಿಲಿಸಿತು. ಶೆವೆಲ್‌ಗೆ 454 ಘನ ಇಂಚಿನ, ಅಂದರೆ 7.4 ಲೀಟರಿನ ಎಂಜಿನ್ ಬಂತು. ಅದರ ಎಲ್‌ಎಸ್6 ಎಂಬ ರೂಪಕ್ಕೆ ಕಂಪನಿಯೇ ಬರೆದುಕೊಂಡ ಶಕ್ತಿ 450 ಅಶ್ವಶಕ್ತಿ. ಮರುವರ್ಷದಿಂದಲೇ ಎಂಜಿನ್ನುಗಳ ಕಂಪ್ರೆಷನ್ ಇಳಿಯಿತು, ವಿಮೆ ಏರಿತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಹಾಗಾಗಿ 1970 ಎಂದರೆ ಕೊಳ್ಳುವವರ ಕಣ್ಣು ಅರಳುತ್ತದೆ. ಲಾಂಛನ, ಬಾನೆಟ್ಟಿನ ಪಟ್ಟೆ, ಮುಂದಿನ ಜಾಲರಿ ಎಲ್ಲವೂ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಡ್ಯಾಶ್‌ಬೋರ್ಡಿನಲ್ಲಿ ದುಂಡನೆಯ ಮೀಟರುಗಳಿವೆಯೇ, ಅಡ್ಡಪಟ್ಟಿಯಂತಹ ಸ್ಪೀಡೋಮೀಟರ್ ಇದೆಯೇ ನೋಡಿ, ಎಸ್‌ಎಸ್‌ಗೆ ದುಂಡನೆಯವು ಇರುತ್ತಿದ್ದವು. ಹಿಂದಿನ ಆಕ್ಸಲ್‌ನ ಮುಚ್ಚಳಕ್ಕೆ 12 ಬೋಲ್ಟುಗಳಿರಬೇಕು. ಇವೂ ಬದಲಾಗಿರಬಹುದು. ಗಟ್ಟಿಯಾದ ಪುರಾವೆ ಎಂದರೆ ಕಾರ್ಖಾನೆಯಲ್ಲಿ ಜೋಡಿಸುವವರಿಗಾಗಿ ಅಚ್ಚು ಹಾಕಿದ ಹಾಳೆ. ಎಷ್ಟೋ ಸಲ ಅದು ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಅಥವಾ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುತ್ತದೆ.

ನೀವು ಬರೆದ ವಿವರ ನೋಡಿದರೆ ಇದು 307 ಘನ ಇಂಚಿನ ಎಂಜಿನ್ನಿನ ಮಾಮೂಲಿ ಮಾಲಿಬು ಇರಬಹುದು ಎಂದು ನನ್ನ ಊಹೆ. ಹಾಗಿದ್ದರೆ ಬೇಸರಪಡಬೇಡಿ, ನಿಮ್ಮ ಕೆಲಸಕ್ಕೆ ಅದೇ ಒಳ್ಳೆಯದು. ಅಸಲಿ ಎಸ್‌ಎಸ್ ಆದರೆ ಪ್ರತಿ ಬೋಲ್ಟಿನ ಮೇಲೂ ಇತಿಹಾಸದ ಭಾರ ಇರುತ್ತದೆ, ಮಗಳು ತಪ್ಪಾಗಿ ಒಂದು ತೂತು ಕೊರೆದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಮಾಲಿಬುವಿನಲ್ಲಿ ತಪ್ಪು ಮಾಡಿ ಕಲಿಯಬಹುದು. ಎಂಜಿನ್ ಸಿಕ್ಕಿಕೊಂಡ, ತುಕ್ಕು ಕಾಣುತ್ತಿರುವ ಮಾಲಿಬುವಿಗೆ 14,000 ಡಾಲರ್ ಮಾತ್ರ ಅತಿಯಾಯಿತು. ಆರೇಳು ಸಾವಿರ ದಾಟಲು ನಾನಾದರೆ ಒಪ್ಪುವುದಿಲ್ಲ, ಅದೂ ತಗಡು ಗಟ್ಟಿ ಇದ್ದರೆ.

ಈಗ ತಗಡಿಗೆ ಬರೋಣ. ಚಕ್ರದ ಸುತ್ತ ಕಾಣುತ್ತಿರುವ ಗುಳ್ಳೆಯನ್ನು ಎಲ್ಲರೂ ತುಕ್ಕಿನ ಆರಂಭ ಎಂದುಕೊಳ್ಳುತ್ತಾರೆ. ಅದು ತುಕ್ಕಿನ ಕೊನೆಯ ಅಂಕ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಹಾಗೆ ಊದಿಕೊಂಡ ತುಕ್ಕು ಬಣ್ಣವನ್ನು ಎತ್ತಿದೆ ಎಂದರೆ ಒಳಮುಖದಿಂದ ಅದು ತಗಡನ್ನು ತಿಂದು ಹೊರಬಂದಿದೆ. ಆ ಕಾಲದ ಹೊರತಗಡು ಹೆಚ್ಚುಕಡಿಮೆ 0.9 ಮಿಲಿಮೀಟರ್ ದಪ್ಪ. ತಿನ್ನಲು ಅಲ್ಲಿ ಇರುವುದೇ ಅಷ್ಟು. ಹಿಂಚಕ್ರದ ಕಮಾನಿನಲ್ಲಿ ಎರಡು ತಗಡುಗಳು ಸೇರುವ ಸಂದಿನಲ್ಲಿ ಕೆಸರು ಕೂರುತ್ತದೆ, ಕೆಸರು ತೇವ ಹಿಡಿದಿಡುತ್ತದೆ. ಮಿಶಿಗನ್‌ನಲ್ಲಿ ಅದರ ಜೊತೆಗೆ ಉಪ್ಪು. ಡೆಟ್ರಾಯಿಟ್ ನಗರದ ಅಡಿಯಲ್ಲಿ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಅಂತಹ ಉಪ್ಪು ಚಳಿಗಾಲದಲ್ಲಿ ರಸ್ತೆಯ ಮೇಲೆ ಬೀಳುತ್ತದೆ, ರಸ್ತೆಯಿಂದ ಕಾರಿನ ಸಂದುಗಳಿಗೆ ಏರುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ, ತುಕ್ಕು ಎಂಬುದು ಮೂಲತಃ ಸಣ್ಣ ಬ್ಯಾಟರಿಯ ಕೆಲಸವಾದ್ದರಿಂದ ಅದು ಚುರುಕಾಗುತ್ತದೆ. ಮಂಗಳೂರಿನ ಕಡಲ ಗಾಳಿ ಪದ್ಮಿನಿ ಕಾರುಗಳ ನೆಲವನ್ನು ತಿನ್ನುತ್ತಿದ್ದುದನ್ನು ನೋಡಿ ಬೆಳೆದ ನನಗೆ ಇಲ್ಲಿಗೆ ಬಂದಾಗ ಶತ್ರು ಹೊಸಬನೇನೂ ಆಗಿರಲಿಲ್ಲ.

ಆದರೆ ನಿಮ್ಮ ಕಾರಿನಲ್ಲಿ ನನಗೆ ಚಿಂತೆ ಇರುವುದು ಚಕ್ರದ ಬಳಿ ಅಲ್ಲ, ಚಾವಣಿಯಲ್ಲಿ. ವಿನೈಲ್ ಹೊದಿಕೆಯ ಅಡಿಗೆ ಒಮ್ಮೆ ತೇವ ಹೊಕ್ಕರೆ ಆರುವುದಿಲ್ಲ. ಹಿಂದಿನ ಗಾಜಿನ ಸುತ್ತ ಹೊಳೆಯುವ ಪಟ್ಟಿ ಇದೆಯಲ್ಲ, ಅದನ್ನು ಹಿಡಿದಿರುವ ಸಣ್ಣ ಮೊಳೆಗಳ ಬುಡದಲ್ಲಿ ತುಕ್ಕು ಶುರುವಾಗುತ್ತದೆ. ಗಾಜು ಕೂರುವ ಕಾಲುವೆಯಲ್ಲಿ ಮಳೆನೀರು ನಿಲ್ಲುತ್ತದೆ, ಕಾಲುವೆಯ ತಳ ತೂತಾಗುತ್ತದೆ. ಅಲ್ಲಿಂದ ನೀರು ಡಿಕ್ಕಿಯೊಳಗೆ ತೊಟ್ಟಿಕ್ಕಿ, ಡಿಕ್ಕಿಯ ನೆಲದ ತಗ್ಗಿನಲ್ಲಿ ನಿಂತು ಅದನ್ನೂ ತಿನ್ನುತ್ತದೆ, ಅಲ್ಲಿಂದ ಪಕ್ಕದ ಕ್ವಾರ್ಟರ್ ಪ್ಯಾನೆಲ್‌ನ (ಹಿಂಚಕ್ರದ ಸುತ್ತಲಿನ ಹೊರತಗಡಿನ) ಕೆಳತುದಿಗೆ ಇಳಿದು ಒಳಗಿನಿಂದ ಕೆಲಸ ಮುಂದುವರಿಸುತ್ತದೆ. ನಿಮಗೆ ಕಂಡ ಗುಳ್ಳೆಯ ತವರು ಮೂರು ಅಡಿ ಮೇಲೆ ಇರಬಹುದು. ಕೆಳಗೆ ಹೊಸ ತಗಡು ಹಾಕಿ ಮೇಲಿನ ಸೋರಿಕೆ ಬಿಟ್ಟರೆ ನಾಲ್ಕು ವರ್ಷದಲ್ಲಿ ಮತ್ತೆ ಅದೇ ಗುಳ್ಳೆ.

ಕೆಲವು ವರ್ಷಗಳ ಹಿಂದೆ ಒಬ್ಬರು ಇಂಥದ್ದೇ ಒಂದು ಕಾರು ತಂದಿದ್ದರು. ಬಣ್ಣ ಕನ್ನಡಿಯಂತಿತ್ತು. ಗಾಜಿನ ಕೆಳಮೂಲೆಯಲ್ಲಿ ವಿನೈಲಿನ ಮೇಲೆ ಹೆಬ್ಬೆರಳು ಒತ್ತಿದೆ, ಒಳಗೆ ಹಪ್ಪಳ ಮುರಿದಂತಹ ಸದ್ದು. ಇನ್ನಷ್ಟು ಒತ್ತಿದಾಗ ಬೆರಳು ಒಳಗಿಳಿಯಿತು. ಆಮೇಲೆ ಕ್ವಾರ್ಟರ್ ಪ್ಯಾನೆಲ್ ಉಜ್ಜಿದರೆ ಬೆರಳ ದಪ್ಪ ಪುಟ್ಟಿ, ಅದರಡಿಯಲ್ಲಿ ಕತ್ತರಿಸಿ ಚಪ್ಪಟೆ ಮಾಡಿದ ಬಿಯರ್ ಡಬ್ಬಿ, ನಾಲ್ಕು ರಿವೆಟ್. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದನ್ನು ಅಷ್ಟು ಅಕ್ಷರಶಃ ನಾನು ನೋಡಿದ್ದು ಅದೇ ಮೊದಲು. ಮಾರಿದವನಿಗೂ ಬಹುಶಃ ಗೊತ್ತಿರಲಿಲ್ಲ, ಅವನಿಗೆ ಮಾರಿದವನ ಕೈಚಳಕ ಅದು.

ನಿಮ್ಮ ಗೆಳೆಯರ ಸಲಹೆಗಳಿಗೆ ಬರುತ್ತೇನೆ. ಕನ್ವರ್ಟರ್ ಸುಳ್ಳಲ್ಲ. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ತುಕ್ಕಿನ ಜೊತೆ ಸೇರಿ ಗಟ್ಟಿಯಾದ ಪದರವಾಗುತ್ತದೆ. ಚಾಸಿಯ ಮೇಲೆ, ನೆಲದ ತಗಡಿನ ಮೇಲೆ ಕೆಂಪಗೆ ಪುಡಿಯಷ್ಟೇ ಹಿಡಿದಿರುವ ಕಡೆ, ಸಡಿಲ ಕಿಟ್ಟವನ್ನೆಲ್ಲ ತಂತಿ ಬ್ರಷ್ಷಿನಿಂದ ತೆಗೆದು ಬಳಿದರೆ ಉಪಯೋಗವುಂಟು. ಆದರೆ ಎರಡು ತಗಡುಗಳ ನಡುವಿನ ಸಂದಿಗೆ ಅದು ತಲುಪುವುದಿಲ್ಲ, ತೆಳುವಾದ ತಗಡಿಗೆ ದಪ್ಪ ಮರಳಿಸುವುದಿಲ್ಲ. ತೂತಿನ ಅಂಚಿಗೆ ಬಳಿದರೆ ಕಪ್ಪು ಅಂಚಿನ ತೂತು ಸಿಗುತ್ತದೆ.

ಸ್ಯಾಂಡ್‌ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆಸುವುದು, ಚಾಸಿಗೆ, ಸಸ್ಪೆನ್ಷನ್ ಭಾಗಗಳಿಗೆ ಬಹಳ ಒಳ್ಳೆಯದು. ಬಾನೆಟ್, ಬಾಗಿಲು, ಡಿಕ್ಕಿಯ ಮುಚ್ಚಳಕ್ಕೆ ಜೋರಾಗಿ ಹೊಡೆಸಿದರೆ ಕಾಳುಗಳ ಏಟಿಗೆ ತಗಡಿನ ಒಂದು ಮುಖ ಹಿಗ್ಗಿ ಇಡೀ ಫಲಕ ಅಲೆಅಲೆಯಾಗುತ್ತದೆ, ಅದನ್ನು ಮತ್ತೆ ನೇರ ಮಾಡುವುದು ನನ್ನಂಥವರಿಗೂ ತಲೆನೋವು. ಸಂದುಗಳಲ್ಲಿ ಸೇರಿಕೊಂಡ ಮರಳು ಬಣ್ಣ ಹೊಡೆಯುವ ದಿನವೇ ಉದುರುತ್ತದೆ, ಅದು ಅದರ ಸ್ವಭಾವ. ಹೊರಫಲಕಗಳ ಬಣ್ಣವನ್ನು ರಾಸಾಯನಿಕದಿಂದಲೋ ಕೈಯಿಂದಲೋ ತೆಗೆಯಿರಿ. 1970ರ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿ, ಆ ಬಟ್ಟೆಯಲ್ಲೇ ಅಡುಗೆಮನೆಗೆ ಹೋಗಬೇಡಿ.

ಪುಟ್ಟಿಯನ್ನು ಬೈಯುವುದು ಈಗ ಫ್ಯಾಶನ್. ಗಟ್ಟಿ ತಗಡಿನ ಮೇಲೆ ಎರಡು ಮೂರು ಮಿಲಿಮೀಟರ್ ಪುಟ್ಟಿ ಎಂಬುದು ನಾಚಿಕೆಪಡುವ ವಿಷಯವಲ್ಲ, ನಾನೂ ದಿನಾ ಹಾಕುತ್ತೇನೆ. ತೂತು ಮುಚ್ಚಲು ಹಾಕುವುದು ಮಾತ್ರ ಮೋಸ.

ನಿಮ್ಮ ತಂದೆಯವರ ರೆಡ್ ಆಕ್ಸೈಡ್ ಬಸ್ಸಿಗೆ ಸರಿ. ಬಸ್ಸು ಮತ್ತೆ ಮತ್ತೆ ಡಿಪೊಗೆ ಬರುತ್ತದೆ, ಅವರ ಕಣ್ಣೆದುರೇ ಇರುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಪ್ರೈಮರ್ ಹೊಡೆದ ಭಾಗ ಮೇಲುಬಣ್ಣ ಕಾಣಲು ವರ್ಷ ಕಾಯಬೇಕಾದೀತು, ಅಷ್ಟರಲ್ಲಿ ಅದು ತೇವ ಹೀರಿ ಅಡಿಯಲ್ಲೇ ತುಕ್ಕು ಹುಟ್ಟಿಸುತ್ತದೆ. ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ತನ್ನಿ, ತಗಡು ಬೆತ್ತಲಾದ ದಿನವೇ ಹೊಡೆಯಿರಿ. ಮೇ ತಿಂಗಳವರೆಗೆ ಏನನ್ನೂ ಉಜ್ಜದೆ ಇಟ್ಟರೆ ಇನ್ನೂ ಒಳ್ಳೆಯದು, 22 ವರ್ಷ ಕಾದ ತುಕ್ಕಿಗೆ ಐದು ತಿಂಗಳು ದೊಡ್ಡದಲ್ಲ.

ಎಂಜಿನ್ ಸಿಕ್ಕಿಕೊಂಡಿದೆ ಎಂಬುದೇ ನಿಮಗೆ ದೊಡ್ಡ ವಿಷಯವಾಗಿ ಕಂಡಿದೆ. ನನಗೆ ಅದು ಬೆಲೆ ಇಳಿಸಲು ಒಳ್ಳೆಯ ನೆಪ. ನಿಂತ ಎಂಜಿನ್ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ವಾರ ಮರೆತುಬಿಡಿ. ಆಮೇಲೆ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿ. ಸ್ಟಾರ್ಟರ್‌ನಿಂದ ಬಲವಂತ ಮಾಡಬೇಡಿ, ಕವಾಟ ಅಂಟಿಕೊಂಡಿದ್ದರೆ ಅದನ್ನು ತಳ್ಳುವ ಸರಳು, ಪುಷ್‌ರಾಡ್, ಬಾಗುತ್ತದೆ. ಬಿಡದಿದ್ದರೂ ಈ ಎಂಜಿನ್ನಿನ ಬಂಧುಬಳಗ ದೊಡ್ಡದು, ಶೆವರ್ಲೆಯ ಸಣ್ಣ ವಿ8 ಸಿಗದ ಊರು ಅಮೆರಿಕದಲ್ಲಿಲ್ಲ. ಓಡುವಂತಾದ ಮೇಲೆ ಹಳೆಯ ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಿ, ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಅವುಗಳನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಟ್ಯಾಂಕ್ ತೂತಾಗಿದ್ದರೆ ಹೊಸದು ಕೊಳ್ಳಿ. ಅದಕ್ಕೆ ಬೆಸುಗೆ ಹಾಕುವ ಯೋಚನೆಯನ್ನು ನಿಮ್ಮ ತಂದೆಯವರೂ ಮಾಡಬಾರದು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ನೀವು ಬರೆದ ದಾರಿ, ಬಾಡಿ ಎತ್ತಿ ಎಲ್ಲವನ್ನೂ ಹೊಸದಾಗಿಸುವುದು, ಅನುಭವ ಇದ್ದವರಿಗೂ ವಾರಾಂತ್ಯಗಳಲ್ಲಿ ಎರಡು ವರ್ಷಕ್ಕೆ ಮುಗಿಯುವುದು ಅಪರೂಪ. ಇನ್ನೊಂದು ಅಪಾಯವೂ ಇದೆ. ಬಾಗಿಲ ಕೆಳಗಿನ ರಾಕರ್ ಭಾಗವೂ ನೆಲವೂ ಶಿಥಿಲವಾಗಿರುವ ಬಾಡಿಯನ್ನು ಚಾಸಿಯಿಂದ ಎತ್ತಿದರೆ ಅದು ನಡು ಮುರಿದಂತೆ ಬಾಗುತ್ತದೆ, ಆಮೇಲೆ ಬಾಗಿಲು ಮುಚ್ಚುವುದಿಲ್ಲ. 25,000ದ ಲೆಕ್ಕವೂ ಇದಕ್ಕೆ ಸಾಲದು. ತಗಡು ಮತ್ತು ಬಣ್ಣದ ಕೆಲಸವನ್ನು ಹೊರಗೆ ಮಾಡಿಸಿದರೆ ಅದಕ್ಕೇ ಆ ಹಣ ಹೋದೀತು. ‘ಮಾರಿದರೆ ಹಾಕಿದ್ದು ಬರುತ್ತದಲ್ಲ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಮಾಲಿಬುವಿಗೆ ಹಾಕಿದ್ದು ಬರುವುದಿಲ್ಲ.

ಎರಡನೆಯದು, ಈ ಕಾರನ್ನು ಬಿಟ್ಟು ಅರಿಜೋನಾದಂತಹ ಒಣ ನಾಡಿನ ಕಾರು ಹುಡುಕುವುದು. ಅಲ್ಲಿನ ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡ್, ರಬ್ಬರ್ ಎಲ್ಲ ಸೀಳಿರುತ್ತವೆ, ತಗಡು ಮಾತ್ರ ಉಳಿದಿರುತ್ತದೆ. ಸೀಟು ಹೊಲಿಸುವುದು ತಗಡು ಹೊಲಿಯುವುದಕ್ಕಿಂತ ಎಷ್ಟೋ ಸುಲಭ. ತರಿಸುವ ಖರ್ಚು ಸೇರಿದರೂ ಹೆಚ್ಚಿನ ಸಲ ಇದೇ ಅಗ್ಗ. ತೊಂದರೆ ಎಂದರೆ ಕಣ್ಣಿನಿಂದ ನೋಡದೆ ಫೋಟೊ ನಂಬಿ ಕೊಳ್ಳಬೇಕಾಗುತ್ತದೆ. ಅಲ್ಲಿಯೇ ಇರುವ ಯಾರಾದರೂ ತಿಳಿದವರಿಗೆ ದುಡ್ಡು ಕೊಟ್ಟು ತೋರಿಸಿ.

ಮೂರನೆಯದು ನಾನು ಹೇಳುವ ದಾರಿ, ಕೊಟ್ಟಿಗೆಯ ಕಾರು ಕೊನೆಯಲ್ಲಿ ಹೇಳುವ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ. ಬಾಡಿಯನ್ನು ಚಾಸಿಯ ಮೇಲೆಯೇ ಇರಲು ಬಿಡಿ. ಮೊದಲ ಕೆಲಸ ಬ್ರೇಕು. ಈ ಕಾರು ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿನೊಂದಿಗೆ ಬರುತ್ತಿತ್ತು. ಮುಂದಿನ ಚಕ್ರಗಳಿಗೆ ಡಿಸ್ಕ್ ಜೋಡಿಸುವ ಕಿಟ್ ಸುಲಭವಾಗಿ ಸಿಗುತ್ತದೆ, ಹಾಕಿಸಿ. ಬ್ರೇಕಿನ ಉಕ್ಕಿನ ಕೊಳವೆಗಳು ಹೊರಗೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಡ್ರಮ್ಮಿನ ಧೂಳನ್ನು ಗಾಳಿ ಊದಿ ತೆಗೆಯಬೇಡಿ, ನೀರು ಸಿಂಪಡಿಸಿ ಒರೆಸಿ. ಆಮೇಲೆ ಎಂಜಿನ್. ಬೇಸಿಗೆಯ ಕೊನೆಗೆ ಕಾರು ಮನೆಯ ಮುಂದಿನ ದಾರಿಯಲ್ಲಿ ತಾನಾಗಿ ಹತ್ತು ಅಡಿ ಚಲಿಸಿ, ತಾನಾಗಿ ನಿಲ್ಲಬೇಕು. ಬಣ್ಣ ಎಷ್ಟೇ ಕೆಟ್ಟದಾಗಿರಲಿ. ಆಮೇಲಿನ ಚಳಿಗಾಲಕ್ಕೆ ನೆಲದ ತಗಡು, ಅದೂ ಒಂದು ಸಲಕ್ಕೆ ಒಂದೇ ಬದಿ. ಮುಂದಿನ ವರ್ಷ ಹಿಂದಿನ ಗಾಜಿನ ಕಾಲುವೆ, ಡಿಕ್ಕಿಯ ನೆಲ, ಕ್ವಾರ್ಟರ್ ಪ್ಯಾನೆಲ್‌ನ ಕೆಳಭಾಗ. ಈ ಕ್ರಮದಲ್ಲಿ ಎಲ್ಲಿ ನಿಲ್ಲಿಸಬೇಕಾಗಿ ಬಂದರೂ ನಿಮ್ಮ ಬಳಿ ಒಂದು ಕಾರು ಇರುತ್ತದೆ, ಡಬ್ಬಿಗಳು ಇರುವುದಿಲ್ಲ. ಕಾಣಲು ಅರೆಬರೆಯಾದ ಕಾರನ್ನು ಹೈಸ್ಕೂಲು ಮುಗಿಸುವ ದಿನಕ್ಕೆ ಒಯ್ಯಲು ಮಗಳಿಗೆ ನಾಚಿಕೆಯಾಗುತ್ತದೆಯೋ ಎಂದು ನೀವು ಕೇಳಬಹುದು. ನನಗೆ ಗೊತ್ತಿರುವ ಹದಿಹರೆಯದವರಿಗೆ ಅಪ್ಪನ ಮಿನಿವ್ಯಾನಿನಲ್ಲಿ ಹೋಗುವುದು ಅದಕ್ಕಿಂತ ದೊಡ್ಡ ನಾಚಿಕೆ.

ಬೆಸುಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮನೆಯಲ್ಲಿ ಅನಾಹುತವಾಗುವುದೇ ಅಲ್ಲಿ. ತುಕ್ಕು ತಿಂದ ಭಾಗವನ್ನು ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು, ‘ಇಷ್ಟು ಸಾಕು’ ಎನ್ನಿಸಿದ ಮೇಲೂ ಒಂದು ಇಂಚು. ಹೊಸ ತುಂಡನ್ನು ಅಂಚಿಗೆ ಅಂಚು ತಾಗುವಂತೆ ಕೂರಿಸಿ, ಮಿಗ್ (ತಂತಿಯಿಂದ ವಿದ್ಯುತ್ ಬೆಸುಗೆ ಹಾಕುವ) ಯಂತ್ರದಲ್ಲಿ 0.6 ಮಿಲಿಮೀಟರ್ ತಂತಿ, 75 ಭಾಗ ಆರ್ಗಾನ್ 25 ಭಾಗ ಇಂಗಾಲದ ಡೈಆಕ್ಸೈಡ್ ಅನಿಲ ಇಟ್ಟುಕೊಂಡು, ಇಂಚಿಗೊಂದರಂತೆ ಚುಕ್ಕೆ ಹಾಕುತ್ತ ಹೋಗಬೇಕು. ಒಂದು ಚುಕ್ಕೆ ಈ ತುದಿಯಲ್ಲಿ, ಮುಂದಿನದು ಆ ತುದಿಯಲ್ಲಿ. ಕೈ ಇಟ್ಟರೆ ಸುಡದಷ್ಟು ತಣಿದ ಮೇಲೆ ಮತ್ತೊಂದು. ಒಂದೇ ಉಸಿರಿಗೆ ಗೆರೆ ಎಳೆದರೆ ತಗಡು ದೋಸೆಯ ಅಂಚಿನಂತೆ ಎದ್ದುಕೊಳ್ಳುತ್ತದೆ. ಬೆಸುಗೆಗೆ ಮುನ್ನ ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತಗಡು ಒರೆಸಲೇಬಾರದು. ಆ ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಸ್ವಲ್ಪವೇ ಸಾಕು ಶ್ವಾಸಕೋಶ ಹಾಳಾಗಲು. ಕಾರ್ಪೆಟ್, ಸೀಟು, ಬ್ಯಾಟರಿ ಹೊರಗಿರಲಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ, ತಗಡಿನ ಹಿಂಬದಿಯ ಹಳೆಯ ಡಾಂಬರು ಲೇಪ ಮೆಲ್ಲಗೆ ಹೊಗೆಯಾಡುತ್ತಿದ್ದು ಆಮೇಲೆ ಹೊತ್ತಿಕೊಂಡದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಕೊನೆಯ ಮೇಲುಬಣ್ಣವನ್ನು ಮನೆಯಲ್ಲಿ ಹೊಡೆಯಬೇಡಿ. ಹಾರ್ಡನರ್ ಬೆರೆಸಿದ ಬಣ್ಣದಲ್ಲಿ ಐಸೊಸೈನೇಟ್ ಇರುತ್ತದೆ, ಅದಕ್ಕೆ ಹೊರಗಿನ ಗಾಳಿ ಪೂರೈಸುವ ಮುಖವಾಡ ಬೇಕು, ಸಾಮಾನ್ಯ ಮಾಸ್ಕ್ ಸಾಲದು. ಆ ಒಂದು ಕೆಲಸಕ್ಕೆ ಹಣ ಎತ್ತಿಡಿ.

ನಿಮ್ಮ ಶ್ರೀಮತಿಯವರ ಪ್ರಶ್ನೆಗೆ ಸುತ್ತು ಬಳಸದೆ ಉತ್ತರಿಸಬೇಕು. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮುಂದಿನ ಸೀಟಿಗೆ ಭುಜದ ಬೆಲ್ಟು ಬೇರೆಯಾಗಿ ಚಾವಣಿಯ ಅಂಚಿನಲ್ಲಿ ಸಿಕ್ಕಿಸಿರುತ್ತದೆ, ಯಾರೂ ಬಳಸುವುದಿಲ್ಲ. ಹಿಂದೆ ಸೊಂಟದ ಬೆಲ್ಟು ಮಾತ್ರ. ದಪ್ಪ ಕಬ್ಬಿಣ ಇರುವುದರಿಂದ ಹಳೆಯ ಕಾರೇ ಸುರಕ್ಷಿತ ಎಂಬ ಮಾತು ತಪ್ಪು. ಈಗಿನ ಕಾರು ತಾನು ಜಜ್ಜಿಹೋಗಿ ಏಟನ್ನು ಹೀರುತ್ತದೆ, ಹಳೆಯದು ಏಟನ್ನು ಒಳಗೆ ಕುಳಿತವರಿಗೆ ದಾಟಿಸುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗಿಯ ದಿನನಿತ್ಯದ ಓಡಾಟಕ್ಕೆ ಇದು ಬೇಡ. ಮೂರು ಬಿಂದುಗಳ ಬೆಲ್ಟು ಗಟ್ಟಿ ತಗಡಿಗೆ ಬಲಪಟ್ಟಿ ಕೊಟ್ಟು ಹಾಕಿಸಿ, ನೀವು ಪಕ್ಕದಲ್ಲಿ ಕುಳಿತಿರುವಾಗ, ಒಣ ರಸ್ತೆಯಲ್ಲಿ, ಹಗಲು ಓಡಿಸಲಿ. ಮಿಶಿಗನ್‌ನ ಐತಿಹಾಸಿಕ ವಾಹನದ ನಂಬರ್ ಪ್ಲೇಟ್ ಪಡೆದರೆ ಪ್ರದರ್ಶನ, ಮೆರವಣಿಗೆಗಳಿಗೆ ಒಯ್ಯಬಹುದು, ಆಗಸ್ಟ್ ತಿಂಗಳಲ್ಲಿ ಮಾಮೂಲಿ ಓಡಾಟಕ್ಕೂ ಅವಕಾಶವಿದೆ. 1995ರಿಂದ ನಡೆಯುತ್ತಿರುವ ವುಡ್‌ವರ್ಡ್ ಡ್ರೀಮ್ ಕ್ರೂಸ್ ಇರುವುದೂ ಆಗಸ್ಟಿನಲ್ಲೇ. ಸಾಲುಗಟ್ಟಿ ಆಮೆಯಂತೆ ತೆವಳುವ ಆ ಕಾರುಗಳ ನಡುವೆ ನಿಮ್ಮ ಶ್ರೀಮತಿಯವರೂ ಕುಳಿತುಕೊಳ್ಳಲು ಒಪ್ಪಬಹುದು.

ಇನ್ನು ನಿಮ್ಮ ತಂದೆಯವರು. ನಿಮ್ಮ ಮನೆಯಲ್ಲಿ ಈ ಕೆಲಸ ಗೊತ್ತಿರುವವರು ಅವರೊಬ್ಬರೇ, ನೀವು ಅದನ್ನು ಪತ್ರದ ಕೊನೆಯಲ್ಲಿ ನೆನಪಿಸಿಕೊಂಡಿದ್ದೀರಿ! ಸುತ್ತಿಗೆ, ಡಾಲಿ (ತಗಡಿನ ಹಿಂದೆ ಆನಿಸುವ ಉಕ್ಕಿನ ಗಟ್ಟಿ) ಹಿಡಿದು ತಗ್ಗು ಎತ್ತುವ ಕೈ ಇಲ್ಲಿ ಅಪರೂಪವಾಗುತ್ತಿದೆ, ಇಲ್ಲಿನವರು ಭಾಗವನ್ನೇ ಬದಲಿಸಿಬಿಡುತ್ತಾರೆ. ಅವರು ಗ್ಯಾಸ್ ವೆಲ್ಡಿಂಗ್ ಬೇಕು ಎನ್ನಬಹುದು. ಅವರ ಮಾತಿನಲ್ಲಿ ಹುರುಳಿದೆ: ಗ್ಯಾಸಿನ ಬೆಸುಗೆ ಮೆತ್ತಗಿರುತ್ತದೆ, ಬಡಿದು ಸಮ ಮಾಡಬಹುದು, ಮಿಗ್ ಬೆಸುಗೆ ಗಡುಸು. ಆದರೂ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಅಸಿಟಿಲಿನ್ ಸಿಲಿಂಡರ್ ಇಡಬೇಡಿ. ಕಾರ್ಖಾನೆಯವರು ಚಾವಣಿಯೂ ಕ್ವಾರ್ಟರ್ ಪ್ಯಾನೆಲ್ಲೂ ಸೇರುವ ಕಡೆ ಸೀಸ ತುಂಬಿರುತ್ತಾರೆ, ವಿನೈಲ್ ತೆಗೆದಾಗ ಕಾಣುತ್ತದೆ. ಅದನ್ನು ಗ್ರೈಂಡರ್‌ನಿಂದ ಉಜ್ಜಲು ಅವರಿಗೂ ಮೊಮ್ಮಗಳಿಗೂ ಬಿಡಬೇಡಿ.

ಅವರು ಬಂದ ಮೊದಲ ವಾರ ಕಾರನ್ನು ಮುಟ್ಟಿಸಬೇಡಿ. ಗುಜರಿ ಅಂಗಡಿಯಿಂದ ಯಾವುದಾದರೂ ಹಳೆಯ ಮಡ್‌ಗಾರ್ಡ್ ಒಂದನ್ನು ತಂದು ಅಂಗಳದಲ್ಲಿಡಿ. ಅಜ್ಜ ಮೊಮ್ಮಗಳು ಅದರ ಮೇಲೆ ಬಡಿಯುತ್ತ, ಬೆಸುಗೆ ಹಾಕುತ್ತ, ಹಾಳು ಮಾಡುತ್ತ ಇರಲಿ. ಮಗಳಿಗೆ ಕನ್ನಡ ಅರ್ಧಂಬರ್ಧ, ಅಜ್ಜನಿಗೆ ಇಂಗ್ಲಿಷ್ ಅರ್ಧಂಬರ್ಧ ಇದ್ದರೆ ನೀವು ನಡುವೆ ನಿಂತು ಅನುವಾದ ಮಾಡಬೇಡಿ. ತಗಡಿನ ಹಿಂದೆ ಡಾಲಿ ಸರಿಯಾಗಿ ಕೂತಾಗ ಸುತ್ತಿಗೆಯ ಸದ್ದು ‘ಟಣ್’ ಎಂದು ಬದಲಾಗುತ್ತದೆ, ಅದನ್ನು ನಾನು ಕಲಿತದ್ದೂ ಯಾರೂ ಹೇಳಿಕೊಟ್ಟದ್ದರಿಂದಲ್ಲ.

ಸದ್ಯಕ್ಕೆ ಈ ಶನಿವಾರ ಮಗಳನ್ನು ಕರೆದುಕೊಂಡು ಕೊಟ್ಟಿಗೆಗೆ ಹೋಗಿ. ಹಣ ಒಯ್ಯಬೇಡಿ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ, ಮೊಂಡಾದ ಸ್ಕ್ರೂಡ್ರೈವರ್, ಟಾರ್ಚು, ಹಳೆಯ ಚಾಪೆ ಇಷ್ಟು ಸಾಕು. ಅಯಸ್ಕಾಂತ ಕಚ್ಚದ ಕಡೆ ಪುಟ್ಟಿ ಇದೆ. ಮಾರುವವರ ಒಪ್ಪಿಗೆ ಕೇಳಿ ಮುಂಭಾಗದ ಕಾರ್ಪೆಟ್ಟನ್ನೂ ಡಿಕ್ಕಿಯ ಹಾಸನ್ನೂ ಎತ್ತಿ. ಮಾಮೂಲಿ ಕೂಪೆಗಳ ಚಾಸಿಯ ಪಕ್ಕದ ತೊಲೆಗಳು ಒಂದು ಬದಿ ತೆರೆದಿರುತ್ತವೆ, ಒಳಗೆ ಟಾರ್ಚು ಬಿಟ್ಟು ನೋಡಿ, ಹಿಂದಿನ ಆಕ್ಸಲ್‌ನ ಮೇಲೆ ಬಾಗುವ ಕಡೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು, ಚಾಪೆ ಹಾಸಿ ಪಕ್ಕದಿಂದ ನೋಡಿದರೆ ಸಾಕು. ಬಾಡಿಯನ್ನು ಚಾಸಿಗೆ ಹಿಡಿದಿರುವ ರಬ್ಬರ್ ಬುಷ್‌ಗಳ ಸುತ್ತ ತಗಡು ಉಳಿದಿದೆಯೇ ನೋಡಿ. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿ, ಮುಚ್ಚುವಾಗ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮನಿದೆಯೇ ಗಮನಿಸಿ.

ಚಾಸಿ ಟಣ್ ಎಂದರೆ, ಹಿಂದಿನ ಗಾಜಿನ ಎರಡೂ ಕೆಳಮೂಲೆ ಹೆಬ್ಬೆರಳಿಗೆ ಗಟ್ಟಿಯಾಗಿ ತಾಗಿದರೆ, ಬೆಲೆಯ ಮಾತಾಡಿ. ಒಂದು ಮೂಲೆ ಮೆತ್ತಗಿದ್ದರೆ ಎರಡು ಸಾವಿರ ಕಡಿಮೆ ಕೇಳಿ. ಚಾಸಿ ಮೆತ್ತಗಿದ್ದರೆ ಧನ್ಯವಾದ ಹೇಳಿ ಹೊರಟುಬಿಡಿ, ದಾರಿಯಲ್ಲಿ ಮಗಳಿಗೆ ಅರಿಜೋನಾದ ಜಾಹೀರಾತುಗಳನ್ನು ಹುಡುಕಲು ಹೇಳಿ.